ಕೊಂಚ ಆರಲಿ

ನಮ್ಮಣ್ಣ ವ್ಯಾಸರಾಯನಿಗೆ ದೇವರು ಬಾಯಿ ಕೊಟ್ಟ, ಮಾತು ಕೊಡಲಿಲ್ಲ. ಅವನ ಪಾಲಿನ ಮಾತನ್ನೂ ನನಗೇ ಕೊಟ್ಟುಬಿಟ್ಟ ಎಂದು ಅಮ್ಮ ಹೇಳುತ್ತಿದ್ದಳು. ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ಇರುವ ಮನೆ ನಮ್ಮದು. ಬೀದಿಗೆ ಇಳಿದರೆ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಅಣ್ಣ ಎರಡರಲ್ಲೂ ಒಂದೇ ಅಳತೆಯಲ್ಲಿ ಮಾತಾಡುತ್ತಿದ್ದ, ಅಂದರೆ ಮಾತಾಡುತ್ತಲೇ ಇರಲಿಲ್ಲ. ಏನು ಕೇಳಿದರೂ "ಕೊಂಚ ಆರಲಿ" ಎನ್ನುವುದು ಅವನ ರೂಢಿ. ಕಾಫಿ ಕೊಟ್ಟರೂ ಅದೇ, ಮನೆಯಲ್ಲಿ ಜಗಳವಾದರೂ ಅದೇ.

ಪೆರಿಯನಾಯಕನಪಾಳ್ಯಂನ ಒಂದು ನೂಲಿನ ಗಿರಣಿಯಲ್ಲಿ ಅವನು ಫಿಟ್ಟರ್ ಆಗಿದ್ದ. ಗಿರಣಿಯ ಚಿಕ್ಕ ಯಜಮಾನರಾದ ಮೊದಲಾಳಿ ವೇಲುಸಾಮಿಗೆ ಕಾರಿನ ಹುಚ್ಚು. ಸಾವಿರದೊಂಬೈನೂರ ಐವತ್ತೈದರ ಸುಮಾರಿಗೆ ಇಂಗ್ಲೆಂಡಿನಿಂದ ಒಂದು ಕೆಂಪು ಕಾರು ತರಿಸಿದರು. ಇಬ್ಬರಿಗಷ್ಟೇ ಜಾಗ, ತಲೆಯ ಮೇಲೆ ಮಾಡೂ ಇಲ್ಲ. ಕಮ್ಮಾರನ ತಿದಿಯ ಹಾಗೆ ಎಂಜಿನ್ನಿನೊಳಕ್ಕೆ ಗಾಳಿ ತುರುಕುವ ಬ್ಲೋಯರ್ ಎಂಬ ಯಂತ್ರ ಅದಕ್ಕಿತ್ತು. ಅದರಿಂದ ಕಾರಿಗೆ ವೇಗ ಬರುತ್ತಿತ್ತು, ವೇಗದ ಎರಡರಷ್ಟು ಕಾವೂ ಬರುತ್ತಿತ್ತು. ಮದುಕ್ಕರೈ ಆಚೆ, ಯುದ್ಧಕಾಲದಲ್ಲಿ ವಿಮಾನಗಳಿಗೆಂದು ಹಾಕಿ ಆಮೇಲೆ ಯಾರಿಗೂ ಬೇಡವಾದ ಸಿಮೆಂಟಿನ ನೆಲವೊಂದಿತ್ತು. ಗಿರಣಿ ಮಾಲೀಕರೆಲ್ಲ ಭಾನುವಾರ ಅಲ್ಲಿ ಸೇರುತ್ತಿದ್ದರು. ನಿಂತಲ್ಲಿಂದ ಹೊರಟು ನೇರವಾಗಿ ಆ ತುದಿ ಮುಟ್ಟಬೇಕು, ಪಂದ್ಯವೆಂದರೆ ಅಷ್ಟೇ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿದುಹೋಗುವ ಆಟ. ಆದರೆ ಒಂದು ಓಟ ಮುಗಿಸಿ ಬುಸುಗುಡುತ್ತ ಬಂದ ಕಾರು ಮುಂದಿನ ಓಟದ ಹೊತ್ತಿಗೆ ತಣಿಯಬೇಕಲ್ಲ? ಅದು ಅಣ್ಣನ ಕೆಲಸ.

ಮುಂಚೆ ಇದ್ದ ಡ್ರೈವರ್ ಒಮ್ಮೆ ಕುದಿಯುವ ಎಂಜಿನ್ನಿಗೆ ಬಾವಿಯ ತಣ್ಣೀರು ಸುರಿದಿದ್ದ. ಕಬ್ಬಿಣ ಟಪ್ಪೆಂದು ಸೀಳಿತು. ಆ ಸದ್ದು ಅಣ್ಣನ ಕಿವಿಯಲ್ಲೇ ಉಳಿದುಬಿಟ್ಟಿತು. ಅವನು ಕಾರಿನ ಮೂತಿಯನ್ನು ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿಗೆ ತಿರುಗಿಸಿ ನಿಲ್ಲಿಸುತ್ತಿದ್ದ. ಬಾನೆಟ್ಟಿನ ಎರಡು ರೆಕ್ಕೆಗಳನ್ನೂ ಎತ್ತುತ್ತಿದ್ದ. ಬ್ಲೋಯರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಗೆ ಮಾತ್ರ ಒದ್ದೆ ಬಟ್ಟೆ ಸುತ್ತಿ, ಅದು ಒಣಗಿದ ಹಾಗೆಲ್ಲ ಮತ್ತೆ ನೆನೆಸುತ್ತಿದ್ದ. ರೇಡಿಯೇಟರಿನ ಮುಚ್ಚಳವನ್ನು ಅದರ ಬುಸ್ಸು ಅಡಗುವ ತನಕ ಮುಟ್ಟುತ್ತಿರಲಿಲ್ಲ. ಆಮೇಲೂ ಎಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು, ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದ. ಸುತ್ತ ನಿಂತವರು ಬೇಗ ಬೇಗ ಎಂದು ಕುಣಿದರೂ ಅವನದು ಒಂದೇ ಉತ್ತರ, ಕೊಂಚ ಆರಲಿ.

ಸುತ್ತುವ ಆ ಬಟ್ಟೆ ನಮ್ಮತ್ತಿಗೆ ಅಂಬುಜಮ್ಮನ ಹಳೆಯ ಹಸಿರು ಸೀರೆ. ಮೆತ್ತಗಾದ ನೂಲು ನೀರನ್ನು ಚೆನ್ನಾಗಿ ಹಿಡಿಯುತ್ತದೆಂದು, ಅವಳನ್ನು ಒಂದು ಮಾತೂ ಕೇಳದೆ ಹರಿದುಕೊಂಡು ಹೋಗಿದ್ದ ಮಹಾನುಭಾವ.

ಅತ್ತಿಗೆ ಅವಿನಾಶಿ ಎಂಬ ಊರಿನವಳು. ನನ್ನ ಹಾಗೇ ಬಾಯಿಬಡುಕಿ, ಅದಕ್ಕೇ ನನಗೆ ಅವಳೆಂದರೆ ಪ್ರಾಣ. ಸಂಜೆ ಅವಳು ದಿನದ ಸುದ್ದಿಯನ್ನೆಲ್ಲ ಹೇಳುತ್ತ ಕೂತರೆ, ಅಣ್ಣ ಲೋಟ ಹಿಡಿದುಕೊಂಡು ಕೇಳುತ್ತ ಕೂತಿರುತ್ತಿದ್ದ. ಕಾಫಿ ಆರಿ ಐಸಾದರೂ ಅವನಿಗೆ ಕುಡಿಯುವ ನೆನಪಿರುತ್ತಿರಲಿಲ್ಲ. ನಾನು ನನ್ನ ಗಂಡನಿಗೆ ಅದನ್ನು ತೋರಿಸಿ ಎಷ್ಟೋ ಸಲ ಚುಚ್ಚಿದ್ದೇನೆ.

ಅವಳು ಬಸುರಿಯಾಗಿದ್ದಾಗ ಮೊದಲಾಳಿಯ ಕಾರು ಮದ್ರಾಸಿನ ಪಂದ್ಯಕ್ಕೆ ಹೊರಟಿತು. ದಿನ ತುಂಬಲು ಇನ್ನೂ ಸಮಯವಿತ್ತೆಂದು ಅಣ್ಣನೂ ಹೋದ. ಅವನು ಅಲ್ಲಿದ್ದಾಗಲೇ ಇಲ್ಲಿ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಅತ್ತಿಗೆಗೆ ಜ್ವರ ಏರಿತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವಳು ನಾನು. ಕಣ್ಣು ಬಿಟ್ಟಾಗಲೆಲ್ಲ ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಅಣ್ಣ ಬರುವ ಹೊತ್ತಿಗೆ ಜ್ವರ ಬಿಟ್ಟಿತ್ತು. ಅವಳು ಅವನಿಗೆ ಹೇಳಿದ್ದು ಇಷ್ಟೇ.

"ಕಾರಿನ ಮೈ ಮುಟ್ಟಿ ಮುಟ್ಟಿ ನೋಡ್ತಾ ಕೂತಿದ್ರಿ. ನನ್ನ ಮೈ ಸುಡ್ತಿದ್ದಾಗ ನೀವಿರ್ಲಿಲ್ಲ."

ಅವಳ ತಮ್ಮ ಬಂದು ಅವಳನ್ನು ಅವಿನಾಶಿಗೆ ಕರೆದುಕೊಂಡು ಹೋದ. ಅಣ್ಣ ತಡೆಯಲಿಲ್ಲ, ಹಿಂದೆ ಹೋಗಲೂ ಇಲ್ಲ. ಹೋಗಿ ಕರೆದುಕೊಂಡು ಬಾರೋ ಎಂದು ನಾನು ಬೇಡಿದೆ, ಬೈದೆ, ಅತ್ತೆ. ಕಾದ ಕಬ್ಬಿಣವಾಗಿದ್ದಾಳೆ, ಈಗ ಹೋಗಿ ಏನು ಹೇಳಿದರೂ ಸೀಳಿಹೋಗುತ್ತದೆ, ಕೊಂಚ ಆರಲಿ ರಾಧು ಎಂದ. ಆಷಾಢದ, ತಮಿಳರ ಆಡಿ ತಿಂಗಳ ಗಾಳಿ ಬಂದು ಹೋಯಿತು, ದೀಪಾವಳಿಯೂ ಹೋಯಿತು. ಅವನು ದಿನಾ ಎರಡು ತಟ್ಟೆ ತೊಳೆದಿಟ್ಟು ಒಂದರಲ್ಲಿ ಉಣ್ಣುತ್ತಿದ್ದ. ಅದನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅಷ್ಟರಲ್ಲಿ ಅವಿನಾಶಿಯ ಕಡೆಯಿಂದ ಬಂದ ನೆಂಟರೊಬ್ಬರು ಒಂದು ವಿಷಯ ಹೇಳಿದರು. ಮೊದಮೊದಲು ಅಂಬುಜ, ಕೊಯಮತ್ತೂರಿನಿಂದ ಯಾರೇ ಹೋದರೂ, ನಮ್ಮವರು ಸರಿಯಾಗಿ ಊಟ ಮಾಡುತ್ತಿದ್ದಾರಾ ಎಂದು ಕೇಳುತ್ತಿದ್ದಳಂತೆ, ಕೇಳಿ ಬಯ್ಯುತ್ತಿದ್ದಳಂತೆ, ಅಳುತ್ತಿದ್ದಳಂತೆ. ಈಗ ಕೇಳುವುದೂ ಇಲ್ಲ, ಅಳುವುದೂ ಇಲ್ಲ.

ಮರುದಿನ ಭಾನುವಾರ. ಅಣ್ಣನಿಗೆ ಊಟದ ಕ್ಯಾರಿಯರ್ ಹಿಡಿದು ನಾನೇ ಮದುಕ್ಕರೈಗೆ ಹೋದೆ. ಮೊದಲ ಓಟ ಮುಗಿದಿತ್ತು. ಕಾರು ಗಾಳಿಗೆ ಮೂತಿ ಕೊಟ್ಟು ನಿಂತಿತ್ತು, ಅಣ್ಣ ಕೊಳವೆಯ ಬಟ್ಟೆ ನೆನೆಸುತ್ತಿದ್ದ. ಗಿರಣಿಯ ಮಯಿಲ್‌ಸಾಮಿ ಐಸ್ ಗಡ್ಡೆ ಹೊತ್ತು ತಂದು ರೇಡಿಯೇಟರಿನ ಮೇಲೆ ಹೇರಲು ಹೋದ. ಅಣ್ಣ ಅವನ ಕೈ ಹಿಡಿದ. ಕಾವು ಇಳಿದರೆ ಸಾಕು, ಪೂರ್ತಿ ಆರಲು ಬಿಡಬಾರದು, ಬಿಟ್ಟರೆ ಎಣ್ಣೆ ಗಟ್ಟಿಯಾಗುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ, ಆಮೇಲೆ ಎಷ್ಟು ಒದ್ದಾಡಿದರೂ ಕಾರು ಎಳೆಯುವುದಿಲ್ಲ ಎಂದು ತಮಿಳಿನಲ್ಲಿ ವಿವರಿಸಿದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಕಾರಿನ ವಿಷಯ ಇಷ್ಟು ಗೊತ್ತಿದೆಯಲ್ಲ, ಅತ್ತಿಗೆ ವಿಷಯ ಯಾಕೆ ಗೊತ್ತಾಗ್ಲಿಲ್ಲ? ಹಾಲೂ ಆರುತ್ತೆ ಅಣ್ಣ, ದೀಪಾನೂ ಆರುತ್ತೆ. ನೀನು ಯಾವ್ದಕ್ಕೆ ಕಾಯ್ತಿದ್ದಿ?"

ಮಯಿಲ್‌ಸಾಮಿ ಏನಾಯಿತೆಂದು ತಿಳಿಯದೆ ನಮ್ಮಿಬ್ಬರ ಮುಖ ನೋಡಿದ. ನಾನಾಡಿದ್ದು ಕನ್ನಡ, ತಮಿಳಿನಲ್ಲಿ ಹೇಳಿದ್ದರೂ ಆ ಮಾತು ಅಲ್ಲಿ ನಿಲ್ಲುತ್ತಿರಲಿಲ್ಲ. ಅವರ ಭಾಷೆಯಲ್ಲಿ ಹಾಲು 'ಆರುತ್ತದೆ', ದೀಪ 'ಅಣೆಯುತ್ತದೆ'. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ಅಣ್ಣನಿಗೆ ನೆಂಟರು ಹೇಳಿದ್ದನ್ನೂ ತಿಳಿಸಿದೆ. ಅವನ ಮುಖ ನೋಡಲಾಗಲಿಲ್ಲ.

"ಬಟ್ಟೆ ಒಣಗದ ಹಾಗೆ ನೋಡ್ಕೊ ರಾಧು," ಎಂದವನೇ ಮೊದಲಾಳಿಯ ಹತ್ತಿರ ಹೋಗಿ ಏನೋ ಹೇಳಿದ. ಅವರು ಹೋಗಿಬನ್ನಿ ರಾಯರೇ ಎಂದು ಬೆನ್ನು ತಟ್ಟಿದರು. ಪಾಲಕ್ಕಾಡು ರಸ್ತೆಯಲ್ಲಿ ಅವಿನಾಶಿ ಕಡೆಗೆ ಹೊರಟಿದ್ದ ಸಿಮೆಂಟ್ ಲಾರಿಯೊಂದನ್ನು ಕೈಯಡ್ಡ ಹಿಡಿದು ನಿಲ್ಲಿಸಿ ಹತ್ತಿಬಿಟ್ಟ. ಕೈಯಲ್ಲಿ ಒಂದು ತುಂಡು ಒದ್ದೆ ಬಟ್ಟೆ ಹಾಗೇ ಇತ್ತು.

ಇತ್ತ, ಅತ್ತಿಗೆಯ ಸವತಿ ಎಂದು ನಾನು ಶಪಿಸುತ್ತಿದ್ದ ಕಾರಿಗೆ ನಾನೇ ಸೆರಗು ಸಿಕ್ಕಿಸಿಕೊಂಡು ಬಟ್ಟೆ ನೆನೆಸುತ್ತ ನಿಂತೆ. ನಗುವವರು ನಕ್ಕರು. ಎರಡನೆಯ ಓಟಕ್ಕೆ ಅದು ಕೆಮ್ಮದೆ ಕನಲದೆ ಹೊರಟಿತು. ಗೆದ್ದಿತೋ ಸೋತಿತೋ ನಾನು ನೋಡಲಿಲ್ಲ, ನನ್ನ ಜೀವವೆಲ್ಲ ಅವಿನಾಶಿಯಲ್ಲಿತ್ತು.

ಅಲ್ಲಿ ನಡೆದದ್ದನ್ನು ಹೇಳಿದವಳು ಅತ್ತಿಗೆಯೇ. ಬಾಗಿಲಲ್ಲಿ ನಿಂತವನ ತಲೆ, ಮೀಸೆಯೆಲ್ಲ ಸಿಮೆಂಟಿನ ಧೂಳು. ಯಾರೋ ವಿಭೂತಿ ಬಳಿದುಕೊಂಡ ಭಿಕ್ಷುಕ ಎಂದುಕೊಂಡು ಅವಳು ಅಕ್ಕಿ ತರಲು ತಿರುಗಿದ್ದಳಂತೆ. ಅಣ್ಣನ ಕೈಯಲ್ಲಿದ್ದ ಬಟ್ಟೆ ದಾರಿಯಲ್ಲೇ ಆರಿಹೋಗಿತ್ತು. ಬಾವಿಯ ತೊಟ್ಟಿಗೆ ಹೋಗಿ ಅದನ್ನು ನೆನೆಸಿ, ಹಿಂಡಿ, ತಂದು ಅವಳ ಹಣೆಯ ಮೇಲಿಟ್ಟ.

"ಇದು ನನ್ನ ಹಸಿರು ಸೀರೆ ಅಲ್ವಾ? ಕಾರಿಗೆ ಹರಿದ್ರಾ?"

"ಆಮಾ, ಹರಿದೆ."

"ಜ್ವರ ಬಿಟ್ಟು ಎಷ್ಟು ಕಾಲ ಆಯ್ತು. ಈಗ ಯಾಕಿದು?"

"ಆಗ ನಾನಿರ್ಲಿಲ್ಲ, ಅಂಬುಜಾ."

ಎಷ್ಟೋ ತಿಂಗಳ ಮೇಲೆ ಅವಳು ಅತ್ತದ್ದು ಅವತ್ತೇ. ಬಟ್ಟೆಯನ್ನು ಮಾತ್ರ ತೆಗೆಯಲಿಲ್ಲವಂತೆ. ಅದು ಹಣೆಯ ಮೇಲೆ ಆರಿದಾಗ ತಾನೇ ತೆಗೆದು ಅವನ ಕೈಗೆ ಕೊಟ್ಟು, ಇನ್ನೊಂದು ಸಲ ನೆನೆಸಿಕೊಂಡು ಬನ್ನಿ ಎಂದಳಂತೆ.