ನಾಲ್ಕನೇ ಜ್ವರದ ದಿನ ನಡುಗಡ್ಡೆ ಸುತ್ತಿದ್ದು

ರೇಷ್ಮೆಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಒಂದು ದಿನ ತಲೆಯೆತ್ತಿಕೊಂಡು ಸುಮ್ಮನೆ ಇದ್ದುಬಿಡುತ್ತವೆ, ಸೊಪ್ಪು ಮುಟ್ಟುವುದಿಲ್ಲ. ಹುಳ ಸಾಕುವ ಮನೆಯ ಹೆಂಗಸರಿಗೆ ಅದೊಂದೇ ರಜ. ಎಂಬತ್ತರ ದಶಕದ ಕೊನೆಯಲ್ಲಿ ಗೌರಿಬಿದನೂರಿನ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಹೋದಾಗ, ನಮ್ಮತ್ತೆ ಆ ರಜವನ್ನೂ ಹುಳ ಸಾಕುವ ಬಿದಿರು ತಟ್ಟೆ ತೊಳೆಯುವುದರಲ್ಲೇ ಕಳೆಯುತ್ತಿದ್ದರು. ಚಿಕ್ಕಬಳ್ಳಾಪುರದ ಗುಮಾಸ್ತರ ಮಗಳಾದ ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಊರ ಪಕ್ಕ ಪಿನಾಕಿನಿ ಎರಡು ಸೀಳಾಗಿ ಹರಿದು, ನಡುವೆ ಉದ್ದನೆಯ ನಡುಗಡ್ಡೆ. ಬಟ್ಟೆ ಒಗೆಯಲು ಹೋದಾಗಲೆಲ್ಲ ಅತ್ತೆ ಅದನ್ನು ನೋಡುತ್ತ, "ಒಂದ್ಸಲ ಪೂರ್ತಿ ಸುತ್ತು ಹಾಕ್ಬೇಕಮ್ಮ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅನ್ನುತ್ತಲೇ ಇದ್ದರಂತೆ. ಮಾವನದು ಒಂದೇ ಉತ್ತರ: "ಅಲ್ಲೇನೈತೆ? ನಾನು ಕಾಣದ್ದಾ? ಮರಳು, ಹೊಂಗೆಮರ."

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಹುಳಗಳೆಲ್ಲ ನಾಲ್ಕನೇ ಜ್ವರದಲ್ಲಿದ್ದವು. "ಅತ್ತೆ, ಇವತ್ತು ಹೋಗಣ" ಎಂದೆ. ಅವರು ತಟ್ಟೆಗಳತ್ತ ನೋಡಿದರು, ನನ್ನತ್ತ ನೋಡಿದರು, ಸೆರಗಿಗೆ ಪುರಿ, ಕಡ್ಲೆಬೀಜ ಕಟ್ಟಿಕೊಂಡರು.

ಮೊಣಕಾಲು ಮುಳುಗದ ನೀರು. ಸೀರೆ ಎತ್ತಿ ದಾಟಿದೆವು. ಹೊಂಗೆ ಆಗಷ್ಟೇ ಚಿಗುರಿ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಅತ್ತೆ ಹಿಂದೂಪುರದ ಕಡೆಯವರು, ಖುಷಿಯಾದರೆ ತೆಲುಗಿಗೆ ಹಾರುತ್ತಿದ್ದರು. "ಪದಮ್ಮಾ, ಪದ!" ನಡಿ ನಡಿ ಎಂದು ನನ್ನನ್ನೇ ಓಡಿಸಿದರು. ಮರಳಲ್ಲಿ ಕಾಲು ಹೂತು ನಾನು ಏದುಸಿರು ಬಿಡುತ್ತಿದ್ದರೆ, ಮಂಡಿನೋವಿನ ಅತ್ತೆ ಕೊಕ್ಕರೆಗಳನ್ನು ಎಬ್ಬಿಸುತ್ತ ಮುಂದೆ ಮುಂದೆ. ಅವರನ್ನು ಕರೆದುಕೊಂಡು ಬಂದವಳು ನಾನು ಎಂಬ ಜಂಭ ಅಲ್ಲೇ ಇಳಿಯಿತು.

ತುದಿ ದಾಟಿ ಆಚೆ ಮಗ್ಗುಲಿಗೆ ತಿರುಗಿ ಸ್ವಲ್ಪ ದೂರ ನಡೆದಿದ್ದೆವು. ಅಷ್ಟರಲ್ಲಿ ಮಾವ ಪಂಚೆ ಎತ್ತಿಕಟ್ಟಿ, ನಡುಗಡ್ಡೆಯನ್ನು ಅಡ್ಡ ಹಾಯ್ದು ನಮ್ಮೆದುರಿಗೇ ಬಂದರು.

"ಸೆಕೆಗೆ ಹುಳ ಆಗ್ಲೇ ಏಳ್ತಾವೆ ಕಣೇ! ಹಿಂಗೇ ಅಡ್ಡ ಹಾಯ್ಕೊಂಡು ಬಾ, ಬೇಗ!"

ಮುಗಿಯಿತು ಅಂದುಕೊಂಡೆ. ಹುಳ ಜ್ವರ ಬಿಟ್ಟು ಎದ್ದವು ಅಂದರೆ, ಸೊಪ್ಪು ಹಾಕಲು ಅತ್ತೆ ಬಾಯಿಗಿಟ್ಟ ತುತ್ತು ಬಿಟ್ಟು ಏಳುವವರು. ಅರ್ಧಕ್ಕೇ ನಿಂತಿತಲ್ಲ ಎಂದು ನನಗೆ ಅಳುವೇ ಬಂತು.

ಅತ್ತೆ ನಿಧಾನವಾಗಿ ಕೇಳಿದರು: "ಎಷ್ಟು ಎದ್ದವೆ?"

"ಅಲ್ಲೊಂದು, ಇಲ್ಲೊಂದು."

"ಎಲ್ಲಾ ಏಳೋವರ್ಗೂ ಸೊಪ್ಪು ಹಾಕ್ಬಾರ್ದು, ಹಾಕಿದ್ರೆ ಮುಂದೆದ್ದೋವು ದಪ್ಪ ಆಗ್ತವೆ, ಹಿಂದೆದ್ದೋವು ಸಣ್ಣಗೇ ಉಳೀತವೆ ಅಂತ ಬೈದು ಬೈದು ಕಲಿಸಿದ್ದು ಯಾರು? ಸಾಯಂಕಾಲದವರ್ಗೂ ಟೈಮೈತೆ."

ಅಷ್ಟು ಹೇಳಿ ನಡೆದೇಬಿಟ್ಟರು. ನನಗೋ ನಗು ತಡೆಯಲಾಗಲಿಲ್ಲ. ಗೊಣಗುತ್ತ ನಮ್ಮ ಹಿಂದೆಯೇ ಬಂದ ಮಾವನ ಕೈಗೆ ಒಂದು ಹಿಡಿ ಕಡ್ಲೆಬೀಜ ಹಾಕಿದೆ; ತಿಂದರು. ಸುತ್ತು ಮುಗಿದಾಗ ಅತ್ತೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಸಂಜೆಗೆ ಹುಳಗಳೆಲ್ಲ ಎದ್ದವು. ಮೂವರೂ ಸೊಪ್ಪು ಹಾಕುತ್ತಿದ್ದಾಗ ಮಾವ ಬಿಗುಮಾನ ಬಿಡದೆ ಅತ್ತೆಯನ್ನು ಕೇಳಿದರು: "ಅಷ್ಟು ತಿರುಗಿ ಅದೇನು ನೋಡ್ದೆ?"

"ನಮ್ಮನೇನ. ಆ ತುದೀಲಿ ನಿಂತ್ರೆ ಎಷ್ಟು ಚಿಕ್ಕದು ಗೊತ್ತಾ? ಒಂದು ಬೆರಳು ಅಡ್ಡ ಇಟ್ರೆ ಮುಚ್ಚೋಗುತ್ತೆ. ಇಷ್ಟರೊಳಗಾ ನಾನಿದ್ದಿದ್ದು ಅನ್ನಿಸ್ತು."

ಮಾವ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹರಡಿ, "ಮುಂದಿನ ಬೆಳೆ ಜ್ವರಕ್ಕೆ ನಂಗೂ ತೋರ್ಸು" ಎಂದರು.