ಬಂದೂಕಿನ ಎಣ್ಣೆ, ಅವ್ವನ ಕುಂಕುಮ

ಮಹಾನವಮಿ ಅಂತ ಇವತ್ತು ಮಗ ಟ್ರ್ಯಾಕ್ಟರ್ ತೊಳೆದು ಇಂಜಿನ್ ಆಯಿಲ್ ಬದಲಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮಪ್ಪನ ಬಂದೂಕು ಕಣ್ಣ ಮುಂದೆ ಬಂತು.

ಸುರಪುರದ ನಮ್ಮ ಹೊಲದಲ್ಲಿ ಹಂದಿ ಬೆದರಿಸಲು ಇಟ್ಟುಕೊಂಡಿದ್ದ ಲೈಸೆನ್ಸಿನ ಬಂದೂಕು ಅದು. ರಂಗಂಪೇಟೆಯ ಲಾರಿ ಗ್ಯಾರೇಜಿನಿಂದ ಶೀಸೆಯಲ್ಲಿ ಆಯಿಲ್ ತಂದು, ಹಳೇ ಧೋತರದ ಚಿಂದಿ ಅದ್ದಿ, ಅಪ್ಪ ಅದರ ನಳಿಗೆಯನ್ನು ಕೂಸಿನ ಮೈ ನೀವಿದಂತೆ ನೀವುತ್ತಿದ್ದ. ನಮ್ಮ ತಲೆಗೆ ಎಂದೂ ಅಷ್ಟು ಅಕ್ಕರೆಯಿಂದ ಎಣ್ಣೆ ಹಚ್ಚಿದವನಲ್ಲ.

ಒಂದು ಮಹಾನವಮಿಗೆ ಅವ್ವ ಪೂಜೆಗೆಂದು ನಳಿಗೆಗೆ ನೀರು ಚಿಮುಕಿಸಿ ಕುಂಕುಮ ಹಚ್ಚಿದರೆ, ಎಲ್ಲ ಜಾರಿ ಕೆಳಗಿಳಿಯಿತು.

"ಕುಂಕುಮ ನಿಲ್ಲವಲ್ದು. ಆ ಹೊಲಸು ಎಣ್ಣಿ ಒರಸ್ರಿ!"

"ಒರಸಿದ್ರ ನಿನ್ನ ನೀರಿಗಿ ಕಬ್ಬಿಣ ಜಂಗ ಹಿಡಿತೈತಿ. ಹಂದಿ ಬಂದಾಗ ಆರತಿ ಎತ್ತಿ ಓಡಸ್ತೀಯೇನು?"

ಅವ್ವ ಹೋಳಿಗೆಯ ಹಂಚನ್ನು ಒಲೆಯಿಂದ ಕೆಳಗಿಳಿಸಿದಳು. ಅಪ್ಪ ಹಂಚು ನೋಡಿದ, ಬಂದೂಕು ನೋಡಿದ. ಆಮೇಲೆ ಬಂದೂಕಿನ ಹಿಂಬದಿಯ ಕಟ್ಟಿಗೆಯನ್ನು ಒಣ ಬಟ್ಟೆಯಿಂದ ತಿಕ್ಕಿ ಅವಳ ಮುಂದೆ ಹಿಡಿದ.

"ಕಬ್ಬಿಣ ನಂದು, ಕಟ್ಟಿಗಿ ನಿಂದು. ಎಷ್ಟ ಬೇಕೋ ಅಷ್ಟ ಹಚ್ಚಿಕೋ."

ಹಂಚು ಮತ್ತೆ ಒಲೆ ಏರಿತು.

ಈಗ ನಾನು ಬಾನೆಟ್ಟಿಗೆ ಕುಂಕುಮ ಹಚ್ಚಲು ಹೋದರೆ ಮಗ, "ಅವ್ವಾ, ಪೇಂಟ್ ಕೆಡ್ತೈತಿ" ಅಂದ.

"ಇಂಜಿನ್ ನಿಂದು, ಬಾನೆಟ್ ನಂದು. ಹೋಳಿಗಿ ಬೇಕೋ ಬ್ಯಾಡೋ?" ಅಂದೆ.

ತಾನೇ ಒಣ ಬಟ್ಟೆ ತಂದು ಬಾನೆಟ್ಟು ಒರೆಸಿಕೊಟ್ಟ.