ಅರಗು ಹತ್ತಿದ ಅಂಗಿ

ನಾಲ್ಕು ವರ್ಷದ ಹಿಂದೆ, ಜೂನ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ಚೆನ್ನೈನ ವೇಲಚೇರಿಯ ಒಂದು ತಿರುವಿನಲ್ಲಿ ನೀರಿನ ಟ್ಯಾಂಕರ್ ಲಾರಿ ನನ್ನ ತಂಗಿಯ ಗಂಡನ ಬೈಕಿಗೆ ಡಿಕ್ಕಿ ಹೊಡೆಯಿತು. ಎರಡನೇ ದಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ವಯಸ್ಸು ನಲವತ್ನಾಲ್ಕು. ಹೆಲ್ಮೆಟ್ ಹಾಕಿದ್ದ.

ಅವನು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದ. ರಜಾ ದಿನಗಳಲ್ಲಿ ಹಳೆಯ ಮರದ ಸಾಮಾನಿಗೆ ಪಾಲಿಶ್ ಹಾಕುವುದು ಅವನ ಹುಚ್ಚು. ಆ ಭಾನುವಾರ ಹೊರಟಿದ್ದು ಎಗ್ಮೋರ್‌ನ ಹಿಂದಿನ ಬೀದಿಯಲ್ಲಿರುವ ತಾಯಿಯ ಮನೆಗೆ. ಅಲ್ಲಿ ತಾತನ ಕಾಲದ ಊಂಜಲ್ ಇತ್ತು. ಮನೆಯಲ್ಲೊಂದು ಮದುವೆ ನಿಶ್ಚಯವಾಗಿತ್ತು; ವಧೂವರರನ್ನು ಕೂರಿಸಿ ತೂಗಬೇಕಾದ ಉಯ್ಯಾಲೆ ಅದು. ಹಿಂದಿನ ವಾರ ಹಲಗೆಯ ಅರ್ಧಕ್ಕೆ ಪಾಲಿಶ್ ಆಗಿತ್ತು.

ಲಾರಿಯ ವಿಮಾ ಕಂಪನಿಯಿಂದ ಪರಿಹಾರ ಕೋರಿ ತಂಗಿ, ಅವಳ ಮಗಳು ಮತ್ತು ಅತ್ತೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಎಂಟು ತಿಂಗಳ ನಂತರ ಕಂಪನಿಯ ಉತ್ತರ ಬಂತು. ಸವಾರ ಕುಡಿದಿದ್ದ, ತಪ್ಪು ಅವನದೇ ಎಂದು ಅದರಲ್ಲಿತ್ತು. ಆಧಾರ, ಆಸ್ಪತ್ರೆಗೆ ತಂದ ಕೂಡಲೇ ಬರೆದ ಅಪಘಾತ ದಾಖಲೆಯ ಒಂದು ಸಾಲು: ಮದ್ಯದ ವಾಸನೆ ಇದೆ. ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ನಾನು ಈ ಊರಿನ ಸುದ್ದಿಮನೆಯೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಇಂಥ ಸಾಲುಗಳನ್ನು ನಂಬಿ ಎಷ್ಟೋ ಅಪಘಾತಗಳ ಸುದ್ದಿಗೆ ‘ಕುಡಿದ ಅಮಲಿನಲ್ಲಿ’ ಎಂದು ಸೇರಿಸಿದ್ದೇನೆ. ತಂಗಿ ಕಾಗದ ತಂದು ಕೊಟ್ಟಾಗ ನನ್ನ ಬಾಯಿಂದ ಬಂದದ್ದು, “ದಾಖಲೆಯಲ್ಲಿ ಇದೆಯಲ್ಲ” ಎಂಬ ಮಾತು.

“ನೀನೂ ಹಾಗೇ ಅಂತೀಯಾ ಅಣ್ಣಾ?” ಎಂದಳು. ಆಮೇಲೆ ಮೂರು ವಾರ ನನಗೆ ಫೋನ್ ಮಾಡಲಿಲ್ಲ.

ಹನ್ನೆರಡು ವರ್ಷದ ಮಗಳು ಆ ಕಾಗದ ಓದಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ. “ಅಪ್ಪಾ ಕುಡಿಚ್ಚಿರುಂದಾರಾ, ಮಾಮಾ?” ಎಂದು ನನ್ನನ್ನೇ ಕೇಳಿದಳು. ಅಪ್ಪ ಕುಡಿದಿದ್ದರಾ ಎಂದು. ಗೊತ್ತಿಲ್ಲ ಎಂದೆ. ಅಂದಿನಿಂದ ಪರಿಹಾರದ ಮೊತ್ತದ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆ ಒಂದು ಸಾಲು ಸುಳ್ಳೆಂದು ಹುಡುಗಿಗೆ ತೋರಿಸಬೇಕಿತ್ತು.

ತಂಗಿಯ ವಕೀಲೆ ಚಿಕ್ಕ ವಯಸ್ಸಿನವರು, ಮಾತು ನೇರ. “ಅಕ್ಕಾ, ಅವರು ಕುಡಿಯುತ್ತಿರಲಿಲ್ಲ ಅಂತ ನೀವು ಹೇಳಿದರೆ ಸಾಲದು. ಎಲ್ಲ ಹೆಂಡತಿಯರೂ ಅದನ್ನೇ ಹೇಳುತ್ತಾರೆ. ವಾಸನೆ ಎಲ್ಲಿಂದ ಬಂತು, ಅದನ್ನು ಹೇಳಿ” ಎಂದರು.

ಅಂದು ಸಂಜೆ ತಂಗಿ ಅಟ್ಟದಿಂದ ಪ್ಲಾಸ್ಟಿಕ್ ಚೀಲ ಇಳಿಸಿದಳು. ಆಸ್ಪತ್ರೆಯವರು ವಾಪಸು ಕೊಟ್ಟ ಬಟ್ಟೆ ಅದು. ಸಾವಿನ ಬಟ್ಟೆ ಮನೆಯೊಳಗೆ ಇರಬಾರದು, ಎಸೆದು ಸ್ನಾನ ಮಾಡು ಎಂದು ಅತ್ತೆ ಆಗಲೇ ಹೇಳಿದ್ದರು. ತಂಗಿ ಸ್ನಾನ ಮಾಡಿದ್ದಳು. ಎಸೆದಿರಲಿಲ್ಲ, ತೊಳೆದೂ ಇರಲಿಲ್ಲ. ಅಂದು ನಾನಿದ್ದೆ, ಅತ್ತೆಯೂ ಬಂದಿದ್ದರು.

“ಇನ್ನೂ ಇಟ್ಕೊಂಡಿದ್ದೀಯೇನೇ ಇದನ್ನ? ದೇವರ ಮನೆ ಮೇಲಿನ ಅಟ್ಟದಲ್ಲಿ? ರಾಮ ರಾಮ!”

ಅಂಗಿಯ ಎಡಭಾಗ, ಹೆಗಲಿನಿಂದ ಸೊಂಟದವರೆಗೆ, ರಟ್ಟಿನಂತೆ ಗಡುಸಾಗಿತ್ತು. ರಕ್ತದ ಕಲೆ ಮೇಲೆ ಕತ್ತಿನ ಹತ್ತಿರ ಬೇರೆಯೇ ಇತ್ತು. ಇದು ಜೇನಿನ ಬಣ್ಣದ್ದು, ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ಅತ್ತೆ ಮಡಿಯನ್ನು ಮರೆತು ಬೆರಳಿನಿಂದ ತಟ್ಟಿ ನೋಡಿದರು.

“ಇದು ಅರಗು ಕಣೇ. ಊಂಜಲ್‌ಗೆ ಹಾಕೋ ಪಾಲಿಶ್.”

“ಪಾಲಿಶ್ ಬಾಟಲಿ ನಿಮ್ಮ ಮನೇಲೇ ಇತ್ತಲ್ಲ ಅತ್ತೆ?”

“ನನ್ನ ಮನೇಲೆಲ್ಲಿ? ಅವನು ವಾರ ವಾರ ಹೊಸದಾಗಿ ಕಲಸಿ ತರ್ತಾ ಇದ್ದ. ನಿನ್ನ ಬಾಲ್ಕನೀಲೇ ಇದೆ ಅಂದ್ಕೊಂಡಿದ್ದೆ ನಾನು.”

ಎರಡು ಮನೆಯವರೂ ಬಾಟಲಿ ಇನ್ನೊಂದು ಮನೆಯಲ್ಲಿದೆ ಎಂದು ಒಂದೂವರೆ ವರ್ಷ ನಂಬಿದ್ದರು. ಅದು ಅವನ ಹೆಗಲ ಚೀಲದಲ್ಲಿತ್ತು, ಬಿದ್ದಾಗ ಒಡೆದಿತ್ತು. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಆ ಪಾಲಿಶ್ ಮಾಡುತ್ತಾರೆ. ಸ್ಪಿರಿಟ್‌ಗೆ ಮದ್ಯದ್ದೇ ವಾಸನೆ. ಅದು ಆರಿಹೋಗುತ್ತದೆ, ಅರಗು ಉಳಿಯುತ್ತದೆ.

ಮುಂದಿನ ವಿಚಾರಣೆಯಲ್ಲಿ ತಂಗಿ ಸಾಕ್ಷಿಕಟ್ಟೆ ಹತ್ತಿದಳು. ನಡೆದದ್ದೆಲ್ಲ ತಮಿಳಿನಲ್ಲಿ, ನನ್ನ ಟಿಪ್ಪಣಿ ಪುಸ್ತಕದಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ವಕೀಲರು ಹಿರಿಯರು, ಅವಸರವಿಲ್ಲದ ಮನುಷ್ಯ. ಅಂಗಿಯನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದರು.

“ರಕ್ತ ಒಣಗಿದರೂ ಬಟ್ಟೆ ಗಡುಸಾಗುತ್ತದೆ, ಅಲ್ಲವೇನಮ್ಮಾ?”

“ಆಗುತ್ತೆ ಸಾರ್. ಇದು ರಕ್ತ ಅಲ್ಲ.”

“ಅದನ್ನು ನೀವು ಹೇಳುತ್ತೀರಿ.”

“ನೀವು ಹೇಳೋ ಬ್ರಾಂದಿ ಬಿದ್ದರೆ ಬಟ್ಟೆ ಹೀಗೆ ಆಗುತ್ತಾ ಸಾರ್? ನಿಮ್ಮ ಕರವಸ್ತ್ರದ ಮೇಲೆ ಹಾಕಿ ನೋಡೋಣ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶೆ ತಲೆಯೆತ್ತಿದ ಮೇಲೆ ನಿಲ್ಲಿಸಿದರು.

ನಂತರ ಎಪ್ಪತ್ತೆಂಟು ವರ್ಷದ ಅತ್ತೆಯ ಸರದಿ. ಅವರ ಕೈಯಲ್ಲಿ ಜವಳಿ ಅಂಗಡಿಯ ಹಳದಿ ಚೀಲವಿತ್ತು. ಅದರಿಂದ ಒಂದು ಸೀರೆ ತೆಗೆದು ಕಟಕಟೆಯ ಮೇಲೆ ಹರಡಿದರು.

“ಅಜ್ಜೀ, ಇಲ್ಲೇನು ಸೀರೆ ವ್ಯಾಪಾರವಾ?” ಎಂದರು ಕಂಪನಿಯ ವಕೀಲರು.

“ಮಾರಲ್ಲಪ್ಪಾ, ಬರೀ ನೋಡು. ಅವನು ಹೋಗೋದಕ್ಕೆ ಮುಂಚಿನ ವಾರ ಹಸಿ ಪಾಲಿಶ್ ಮೇಲೆ ಕೂತುಬಿಟ್ಟೆ. ಸೀರೆ ಹಾಳು ಮಾಡಿದೆಯಲ್ಲೋ ಅಂತ ಅವನನ್ನ ಬೈದೆ. ಇದರಲ್ಲಿ ಯಾರ ರಕ್ತ ಇದೆ, ಹೇಳು?”

ಸೀರೆಯಲ್ಲಿ ಅಗಲವಾದ ಕಲೆ ಇತ್ತು. ಜೇನಿನ ಬಣ್ಣದ್ದು, ಗಡುಸು. ನ್ಯಾಯಾಧೀಶೆ ಅಂಗಿಯನ್ನೂ ಸೀರೆಯನ್ನೂ ಅಕ್ಕಪಕ್ಕ ಇಡಿಸಿ, ಎರಡನ್ನೂ ಬೆರಳಿನಿಂದ ಮುಟ್ಟಿ, ಟೈಪಿಸ್ಟ್ ಕಡೆ ತಿರುಗಿ ಕಂಡದ್ದನ್ನು ಹೇಳಿ ಬರೆಸಿದರು. ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಲು ಆದೇಶವಾಯಿತು. ಹೊರಗೆ ವರಾಂಡದಲ್ಲಿ ಅತ್ತೆ ಫ್ಲಾಸ್ಕಿನ ಕಾಫಿ ಕುಡಿಯುತ್ತ, “ಇನ್ನೂ ನಾಲ್ಕು ಪ್ರಶ್ನೆ ಕೇಳಬಹುದಿತ್ತು ಆತ” ಎಂದರು.

ದಾಖಲೆ ಬರೆದ ವೈದ್ಯರನ್ನು ತಂಗಿಯ ವಕೀಲೆ ಕರೆಸಿದರು. ವಾಸನೆ ಬಾಯಿಂದ ಬಂತೋ ಬಟ್ಟೆಯಿಂದ ಬಂತೋ ಎಂದು ಕೇಳಿದರು. ವೈದ್ಯರು “ಪ್ರತ್ಯೇಕವಾಗಿ ಗಮನಿಸಲಿಲ್ಲ” ಎಂದು ಪ್ರಾಮಾಣಿಕವಾಗಿ ಹೇಳಿದರು. ಪ್ರಯೋಗಾಲಯದ ವರದಿ ಬಂತು: ಎರಡು ಬಟ್ಟೆಗಳ ಮೇಲೂ ಅರಗು.

ತೀರ್ಪು ಈ ವರ್ಷ ಒಂದು ಬುಧವಾರ ಬಂತು. ಹುಡುಗಿ ಶಾಲೆಗೆ ರಜೆ ಹಾಕಿ ನನ್ನ ಪಕ್ಕದಲ್ಲಿ ಕೂತಿದ್ದಳು. ಈಗ ಅವಳಿಗೆ ಹದಿನೈದು. ಸವಾರ ಮದ್ಯ ಸೇವಿಸಿದ್ದಕ್ಕೆ ಯಾವ ಸಾಕ್ಷ್ಯವೂ ಇಲ್ಲ, ವಾಸನೆಗೆ ಕಾರಣ ಪಾಲಿಶ್ ಎಂದು ಅರ್ಜಿದಾರರು ಸಾಬೀತುಪಡಿಸಿದ್ದಾರೆ, ಅಪಘಾತಕ್ಕೆ ಲಾರಿ ಚಾಲಕನೊಬ್ಬನೇ ಹೊಣೆ ಎಂದು ನ್ಯಾಯಾಧೀಶೆ ಓದಿದರು. ಪರಿಹಾರ ಪೂರ್ತಿ ಮಂಜೂರಾಯಿತು. ಹುಡುಗಿ ನನ್ನ ಟಿಪ್ಪಣಿ ಪುಸ್ತಕ ಕಿತ್ತುಕೊಂಡು, ಮದ್ಯದ ಬಗ್ಗೆ ಹೇಳಿದ ವಾಕ್ಯವನ್ನು ತಾನೇ ಬರೆದುಕೊಂಡಳು. ಮೆಟ್ಟಿಲಿಳಿಯುವಾಗ ಅಜ್ಜಿಗೆ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದಳು. ಎರಡನೇ ಸಲ ಕನ್ನಡದಲ್ಲಿ.

“ಇನ್ನೊಂದು ಸಲ ಓದೇ” ಎಂದರು ಅತ್ತೆ.

ತಂಗಿ ನನ್ನ ಕಡೆ ನೋಡಿ, “ಈಗ ಇದೂ ದಾಖಲೆ, ಅಣ್ಣಾ” ಎಂದಳು.

ಮೇಲ್ಮನವಿಯ ಅವಧಿ ಕಳೆದ ತಿಂಗಳು ಮುಗಿಯಿತು. ಕಂಪನಿ ಮೇಲ್ಮನವಿ ಹಾಕಿಲ್ಲ. ಸೀರೆ ಮತ್ತು ಅಂಗಿ ಇನ್ನೂ ನ್ಯಾಯಾಲಯದ ವಶದಲ್ಲಿವೆ. ಅಂಗಿಯನ್ನು ಮನೆಗೆ ಹಿಂದಿರುಗಿಸುವಂತೆ ಕೋರಿ ಮೊನ್ನೆ ಸೋಮವಾರ ಅರ್ಜಿ ಸಲ್ಲಿಕೆಯಾಗಿದೆ. ಅರ್ಜಿ ಹಾಕಿದವರು ತಂಗಿಯ ಅತ್ತೆ.